ಸೋಮವಾರದ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಮಂಗಳೂರಿನ ಉರ್ವ ಸ್ಟೋರ್ ಬಳಿ ಶಾಲಾ ವಾಹನಗಳೂ ರಿಕ್ಷಾಗಳೂ ಸಿಟಿ ಬಸ್ಸುಗಳೂ ಒಂದರ ಹಿಂದೊಂದು ಸಾಲುಗಟ್ಟಿವೆ. ಅದೇ ಹೊತ್ತಿಗೆ ಹತ್ತಿರದ ಮನೆಯೊಂದರಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಸಮವಸ್ತ್ರ ತೊಟ್ಟು, ಚೀಲ ಪಕ್ಕಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಾಳೆ. 'ಬಂಜಿ ಬೇನೆ' ಎಂದು ತುಳುವಿನಲ್ಲಿ ಅಳುತ್ತಾಳೆ. ಅಜ್ಜಿ ಓಮದ ಕಷಾಯ ಕುದಿಸುತ್ತಾರೆ, ಯಾರದೋ ದೃಷ್ಟಿ ತಾಗಿದೆ ಎಂದು ಗೊಣಗುತ್ತಾರೆ. ಅಮ್ಮ ಗಡಿಯಾರ ನೋಡುತ್ತಾರೆ. ಅಪ್ಪ, 'ಶಾಲೆ ತಪ್ಪಿಸುವ ನಾಟಕ' ಎಂದು ತೀರ್ಪು ಕೊಟ್ಟು ಹೊರಡುತ್ತಾರೆ. ಹತ್ತು ಗಂಟೆಯಾಗುವಷ್ಟರಲ್ಲಿ ನೋವು ಮಾಯ! ಮಧ್ಯಾಹ್ನ ಹುಡುಗಿ ಅಂಗಳದಲ್ಲಿ ಆಡುತ್ತಿರುತ್ತಾಳೆ. ಅಪ್ಪನ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಹುಡುಗಿ ಯಾರೆಂದು ಹುಡುಕಬೇಕಾಗಿಲ್ಲ. ಇವಳು ಕಲ್ಪಿತ ಪಾತ್ರ. ಆದರೆ ಉರ್ವದಲ್ಲಾಗಲಿ, ಉಡುಪಿಯಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ ಮಕ್ಕಳ ವೈದ್ಯರ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಇಂಥ ಮಗು ಕಾಣಸಿಗದ ವಾರವಿಲ್ಲ. ಇಲ್ಲಿ ಎರಡು ಪ್ರಶ್ನೆಗಳಿವೆ. ಅವಳ ನೋವು ನಿಜವೇ? ನಿಜವಾದರೆ, ಅದರ ಕಾರಣ ಎಲ್ಲಿದೆ?

ಬೆಕ್ಕು ಹೇಳಿದ ಪಾಠ

ಮೊದಲ ಪ್ರಶ್ನೆಗೆ ವಿಜ್ಞಾನ ನೂರು ವರ್ಷಗಳಿಗೂ ಹಿಂದೆಯೇ ಉತ್ತರ ಕೊಡತೊಡಗಿತು. 1895ರಲ್ಲಿ ಕ್ಷ-ಕಿರಣಗಳ ಆವಿಷ್ಕಾರವಾಯಿತು. ಅದಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಬೆಕ್ಕುಗಳಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರ ಉಣಿಸಿ, ಜೀರ್ಣಕ್ರಿಯೆಯನ್ನು ಆ ಕಿರಣಗಳ ಸಹಾಯದಿಂದ ನೋಡುತ್ತಿದ್ದರು. ಜಠರ ಅಲೆಅಲೆಯಾಗಿ ಚಲಿಸುವುದು ಪರದೆಯ ಮೇಲೆ ಕಾಣುತ್ತಿತ್ತು. ಬೆಕ್ಕು ಗಾಬರಿಗೊಂಡಾಗ ಮಾತ್ರ ಆ ಅಲೆಗಳು ತಟಕ್ಕನೆ ನಿಂತುಬಿಡುತ್ತಿದ್ದವು. ಬೆಕ್ಕು ಶಾಂತವಾದೊಡನೆ ಮತ್ತೆ ಚಲನೆ ಆರಂಭ. ಬೆಕ್ಕಿಗೆ ನಾಟಕವಾಡುವ ಅಗತ್ಯವೇನೂ ಇರಲಿಲ್ಲವಲ್ಲ!

ಮನುಷ್ಯರಲ್ಲೂ ನಡೆಯುವುದು ಇದೇ. ನಮ್ಮ ಅನ್ನನಾಳದಿಂದ ದೊಡ್ಡ ಕರುಳಿನವರೆಗಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಈ ನರಜಾಲಕ್ಕೂ ಮಿದುಳಿಗೂ ವೇಗಸ್ ಎಂಬ ಉದ್ದನೆಯ ನರ ದೂರವಾಣಿ ತಂತಿಯಂತೆ ಸಂಪರ್ಕ ಕಲ್ಪಿಸುತ್ತದೆ. ಭಯವಾದಾಗ ಮಿದುಳಿನ ಆಜ್ಞೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ. ರಕ್ತ ಜೀರ್ಣಾಂಗಗಳನ್ನು ಬಿಟ್ಟು ಕೈಕಾಲುಗಳ ಸ್ನಾಯುಗಳತ್ತ ಹರಿಯುತ್ತದೆ. ಜಠರ ನಿಧಾನವಾಗುತ್ತದೆ, ಕರುಳು ಹಿಂಡಿದಂತಾಗುತ್ತದೆ. ಕೆಲವು ಮಕ್ಕಳ ಕರುಳಿನ ನರಗಳು ಇತರರಿಗಿಂತ ಹೆಚ್ಚು ಸೂಕ್ಷ್ಮವಾಗಿರುತ್ತವೆ. ಇತರರಿಗೆ ಗೊತ್ತೇ ಆಗದ ಸಣ್ಣ ಚಲನೆ ಇವರಿಗೆ ನೋವಾಗಿ ಅರಿವಿಗೆ ಬರುತ್ತದೆ. ಅಂದರೆ ಭಯದಿಂದ ಹುಟ್ಟಿದ ಹೊಟ್ಟೆನೋವು ಸುಳ್ಳು ನೋವಲ್ಲ. ಹಸಿಹಣ್ಣು ತಿಂದು ಬಂದ ನೋವಿನಷ್ಟೇ ಅದೂ ನಿಜ.

ಇಂಥ ಮಕ್ಕಳು ಎಷ್ಟು ಮಂದಿ? 1958ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಏಪ್ಲಿ ಮತ್ತು ಅವರ ಸಹೋದ್ಯೋಗಿ ಒಂದು ಸಾವಿರ ಶಾಲಾ ಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿದರು. ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಬಾರಿ, ದಿನಚರಿ ಕೆಡುವಷ್ಟು ಹೊಟ್ಟೆನೋವು ಬಂದವರು ಶೇ. 10.8. ಎಂದರೆ ಹತ್ತರಲ್ಲಿ ಒಂದು ಮಗು! ಅವರಲ್ಲಿ ಬಹುಪಾಲು ಮಕ್ಕಳಿಗೆ ದೇಹದ ಯಾವ ಕಾಯಿಲೆಯೂ ಪತ್ತೆಯಾಗಲಿಲ್ಲ. ನೋವು ಹೊಕ್ಕುಳಿನಿಂದ ದೂರವಾದಷ್ಟೂ ದೇಹದ ಕಾಯಿಲೆಯ ಸಂಭವ ಹೆಚ್ಚು ಎಂಬ ಏಪ್ಲಿಯವರ ಸೂತ್ರವನ್ನು ವೈದ್ಯಕೀಯ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ.

ಮೊದಲು ಕೇಳುವ ಕಿವಿ

ಎರಡನೆಯ ಪ್ರಶ್ನೆಗೆ, ಅಂದರೆ ಕಾರಣ ಎಲ್ಲಿದೆ ಎಂಬುದಕ್ಕೆ, ಯಂತ್ರಗಳು ಉತ್ತರ ಕೊಡಲಾರವು. ಸ್ಕ್ಯಾನಿಂಗ್ ಯಂತ್ರದಲ್ಲಿ ಶಾಲೆಯ ಭಯ ಕಾಣಿಸದು. ಇಲ್ಲಿ ಬೇಕಾದದ್ದು ಕೇಳುವ ಕಿವಿ. ಅನೇಕ ಬಾರಿ ಆ ಕಿವಿ ದಾದಿಯದು.

ಯೋಚಿಸಿ ನೋಡಿ. ಮಗು ಆಸ್ಪತ್ರೆಗೆ ಬಂದಾಗ ಮೊದಲು ಮುಟ್ಟುವವರು ದಾದಿಯೇ. ತೂಕ, ಎತ್ತರ, ಜ್ವರ ನೋಡುವವರು ಅವರೇ. ವೈದ್ಯರ ಮುಂದೆ ಬಾಯಿ ಕಟ್ಟಿದ ಮಗು ತೂಕದ ಯಂತ್ರದ ಮೇಲೆ ನಿಂತು ಮಾತು ಬಿಡುವುದುಂಟು. ಅದರಲ್ಲೂ ಮನೆಯ ಭಾಷೆಯಲ್ಲಿ ಕೇಳಿದರಂತೂ ಸರಿ. ಉರ್ವದಂಥ ಊರಿನಲ್ಲಿ ಒಂದೇ ಬೀದಿಯ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ. ಅರ್ಥ ಹೇಳಲು ಕಲಿತ ಭಾಷೆ ಒಂದು, ಅಳಲು ಕಲಿತ ಭಾಷೆ ಇನ್ನೊಂದು. ಕೇರಳದಿಂದ ಮಂಗಳೂರಿಗೆ ಬಂದ ದಾದಿಗೂ 'ಬಂಜಿ ಬೇನೆ' ಎಂಬ ಎರಡು ಪದಗಳು ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ.

ಭಾಷೆಯೇ ಸಾಲದ ಚಿಕ್ಕ ಮಕ್ಕಳಿಗೆ ಇನ್ನೊಂದು ಉಪಾಯವಿದೆ. ನಗುಮುಖದಿಂದ ಅಳುಮುಖದವರೆಗೆ ಸಾಲಾಗಿ ಬಿಡಿಸಿದ ಆರು ಮುಖಗಳನ್ನು ತೋರಿಸಿ 'ನಿನ್ನ ನೋವು ಯಾವುದು?' ಎಂದು ಕೇಳುವುದು. ಮೂರು ವರ್ಷ ದಾಟಿದ ಮಗುವೂ ಬೆರಳಿಟ್ಟು ತೋರಿಸಬಲ್ಲದು. ಇಂದು ನಾನಾ ದೇಶಗಳ ಆಸ್ಪತ್ರೆಗಳಲ್ಲಿ ಕಾಣುವ ಈ ಮುಖಗಳ ಅಳತೆಗೋಲನ್ನು 1983ರಲ್ಲಿ ಅಮೆರಿಕದಲ್ಲಿ ರೂಪಿಸಿದ ಇಬ್ಬರಲ್ಲಿ ಡೊನಾ ವಾಂಗ್ ಒಬ್ಬರು. ಅವರು ವೃತ್ತಿಯಿಂದ ದಾದಿ. ಜೊತೆಗಿದ್ದ ಕಾನಿ ಬೇಕರ್ ಆಸ್ಪತ್ರೆಯ ಮಕ್ಕಳಿಗೆ ಧೈರ್ಯ ತುಂಬುವ ಕೆಲಸದವರು.

ದೊಡ್ಡ ಮಕ್ಕಳಾದರೆ ದಾದಿ ಸ್ವಲ್ಪ ಹೊತ್ತು ತಂದೆ-ತಾಯಿಯರಿಂದ ಪ್ರತ್ಯೇಕವಾಗಿ ಮಾತಾಡಿಸುತ್ತಾರೆ. ಮನೆಯಲ್ಲಿ ಯಾರ ಜೊತೆ ಹೆಚ್ಚು ಮಾತು? ಶಾಲೆಯಲ್ಲಿ ಪಕ್ಕದಲ್ಲಿ ಕೂರುವವರು ಯಾರು? ನಿದ್ರೆ ಹೇಗಿದೆ? ಊಟ ಸೇರುತ್ತದೆಯೇ? ಯಾವ ವಾರ, ಯಾವ ಪಾಠದ ದಿನ ನೋವು ಬರುತ್ತದೆ? ಬದುಕೇ ಬೇಡ ಎನಿಸಿದ್ದುಂಟೇ? ಈ ಕೊನೆಯ ಪ್ರಶ್ನೆ ಕೇಳಲು ಹೆತ್ತವರು ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಆತಂಕ ಅವರದು. ಆದರೆ ಹಾಗಾಗುವುದಿಲ್ಲ. ಮೃದುವಾಗಿ, ನೇರವಾಗಿ ಕೇಳಿದರೆ ಮಗುವಿಗೆ ಭಾರ ಇಳಿಸಲು ಜಾಗ ಸಿಗುತ್ತದೆ.

ಮಗು ಹೇಳಿದ್ದನ್ನು ಊರಿಗೆಲ್ಲ ಸಾರುವುದಿಲ್ಲ ಎಂಬ ಭರವಸೆಯನ್ನು ದಾದಿ ಕೊಡುತ್ತಾರೆ. ಅದಕ್ಕೊಂದು ಮಿತಿಯೂ ಉಂಟು. ಪ್ರಾಣಾಪಾಯವಿದ್ದರೆ ಹೆತ್ತವರಿಗೂ ವೈದ್ಯರಿಗೂ ತಿಳಿಸಲೇಬೇಕು. ಯಾರಾದರೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ತಿಳಿದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಕೆಲವು ಹೊಟ್ಟೆನೋವುಗಳ ಹಿಂದೆ ಇಂಥ ಕಥೆಯೂ ಇರುತ್ತದೆ. 'ನಾಟಕ' ಎಂಬ ಒಂದು ಮಾತಿನಿಂದ ಮಗುವಿನ ಬಾಯಿ ಮುಚ್ಚಿಸಿದರೆ ಎಷ್ಟು ದೊಡ್ಡ ಬಾಗಿಲು ಮುಚ್ಚಿದಂತಾಗುತ್ತದೆ ಎಂಬುದನ್ನು ಊಹಿಸಬಹುದು.

ಕರ್ನಾಟಕದ ದಾರಿ

ಮನಸ್ಸಿನ ಚಿಕಿತ್ಸೆ ದೊಡ್ಡ ಆಸ್ಪತ್ರೆಯ ಗೋಡೆಯೊಳಗೇ ಇರಬೇಕಾಗಿಲ್ಲ, ಮೊದಲ ಹಂತದ ಆರೋಗ್ಯ ಕೇಂದ್ರದಲ್ಲೇ ಆರಂಭವಾಗಬಹುದು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಕಲವಾರ ಎಂಬ ಹಳ್ಳಿಯಲ್ಲಿ ಈ ಪ್ರಯೋಗ ಕೈಗೊಂಡಿತು. 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಮನೋಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಹಾಗೂ ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ತರಬೇತಾದ ದಾದಿಯರಿಗೂ ಸ್ಥಾನವಿದೆ.

ಮಕ್ಕಳ ವಿಷಯಕ್ಕೆ ಬಂದರೆ, ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಗ್ರಾಮಾಂತರ ಪ್ರದೇಶಗಳ ಹದಿನಾರು ವರ್ಷದೊಳಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಶೇ. 12.5ರಷ್ಟು ಮಕ್ಕಳಲ್ಲಿ ಮನಸ್ಸಿಗೆ ಸಂಬಂಧಿಸಿದ ಯಾವುದಾದರೊಂದು ತೊಂದರೆ ಕಂಡುಬಂತು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಅತಿಯಾದ ಭಯ, ಅತಿ ಚಟುವಟಿಕೆ, ತೊದಲು ಇವು ಮುಖ್ಯವಾದವು. ತಮ್ಮ ಮಗುವಿಗೆ ಏನೋ ತೊಂದರೆಯಿದೆ ಎಂದು ಗುರುತಿಸಿದ ಕುಟುಂಬಗಳು ಶೇ. 37.5 ಮಾತ್ರ ಎಂಬುದು ಅದರ ಇನ್ನೊಂದು ಅಂಶ. ಉಳಿದ ಮನೆಗಳಲ್ಲಿ ಅದು ಹಟ, ಸೋಮಾರಿತನ, ಅಥವಾ ಬರೀ ಹೊಟ್ಟೆನೋವು!

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ತಂಡಗಳು ಅಂಗನವಾಡಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು ಪರೀಕ್ಷಿಸುತ್ತವೆ. ಕಲಿಕೆಯ ತೊಂದರೆ, ಅತಿ ಚಟುವಟಿಕೆಯ ತೊಂದರೆಗಳೂ ಅದರ ಪಟ್ಟಿಯಲ್ಲಿವೆ. ಇನ್ನು ಮಂಗಳೂರಿನವರು ವೈದ್ಯಕೀಯ ಸೌಲಭ್ಯಕ್ಕೆ ಪರದಾಡಬೇಕಾದವರಲ್ಲ. ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾ ಆಸ್ಪತ್ರೆ 1848ರಷ್ಟು ಹಳೆಯದು. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರಿಂದ ಆರಂಭವಾದ ಆಸ್ಪತ್ರೆ ಇಂದು ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳನ್ನೂ ಹೊಂದಿದೆ. ಉರ್ವದಿಂದ ಎರಡೂ ಕೆಲವೇ ಕಿಲೋಮೀಟರ್ ದೂರ. ದೂರವಿರುವುದು ರಸ್ತೆಯಲ್ಲಲ್ಲ, ನಮ್ಮ ಸಂಕೋಚದಲ್ಲಿ. 'ಮಗುವನ್ನು ಮನಸ್ಸಿನ ಡಾಕ್ಟರಿಗೆ ತೋರಿಸಿದರಂತೆ' ಎಂಬ ನೆರೆಮನೆಯ ಮಾತಿಗೆ ಅಂಜಿ ಎಷ್ಟೋ ಮಂದಿ ಸುಮ್ಮನಿರುತ್ತಾರೆ. ಮಕ್ಕಳ ವೈದ್ಯರ ಕೊಠಡಿಯಲ್ಲೇ, ತೂಕ ನೋಡುವ ಮೇಜಿನ ಬಳಿಯೇ ಈ ಮಾತು ಆರಂಭವಾಗುವುದರಿಂದ ಆಗುವ ದೊಡ್ಡ ಲಾಭವೆಂದರೆ ಅಲ್ಲಿಗೆ ಹೋಗಲು ಯಾರಿಗೂ ನಾಚಿಕೆಯಿಲ್ಲ.

ಹೆತ್ತವರು ಮಾಡಬೇಕಾದದ್ದು

ಮೊದಲನೆಯದು, ದೇಹವನ್ನು ಮರೆಯದಿರುವುದು. ಎಲ್ಲ ಹೊಟ್ಟೆನೋವೂ ಭಯದ್ದಲ್ಲ. ನಿದ್ರೆಯಿಂದ ಎಬ್ಬಿಸುವ ನೋವು, ಹೊಕ್ಕುಳಿನಿಂದ ದೂರದ, ವಿಶೇಷವಾಗಿ ಬಲ ಕೆಳಹೊಟ್ಟೆಯ ನೋವು, ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಮೂತ್ರ ಮಾಡುವಾಗ ಉರಿ ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಎರಡನೆಯದು, ಒಂದು ಸಣ್ಣ ಪುಸ್ತಕ. ನೋವು ಬಂದ ದಿನ, ಹೊತ್ತು, ಆ ದಿನದ ಊಟ, ಶಾಲೆಯ ವೇಳಾಪಟ್ಟಿ ಇಷ್ಟನ್ನು ಎರಡು ಮೂರು ವಾರ ಬರೆದಿಟ್ಟರೆ ಸಾಕು. ವಿಜ್ಞಾನದ ಪ್ರಯೋಗದಂತೆಯೇ ಇಲ್ಲಿಯೂ ವೀಕ್ಷಣೆ ಮೊದಲು, ತೀರ್ಮಾನ ಆಮೇಲೆ. ದಸರೆ ರಜೆಯಲ್ಲಿ ಇಲ್ಲದ ನೋವು ಶಾಲೆ ತೆರೆದ ದಿನವೇ ಬಂದರೆ ಆ ಪುಸ್ತಕವೇ ದಾದಿಗೂ ವೈದ್ಯರಿಗೂ ದಾರಿ ತೋರಿಸುತ್ತದೆ.

ಮೂರನೆಯದು, ನೋವನ್ನು ನಂಬುವುದು, ಆದರೆ ಮನೆಯಲ್ಲಿ ಉಳಿಸಿಕೊಳ್ಳದಿರುವುದು. ಇದು ಮೇಲ್ನೋಟಕ್ಕೆ ವಿರೋಧವೆನಿಸಬಹುದು. ಮಗು ಮನೆಯಲ್ಲಿ ಉಳಿದೊಡನೆ ಭಯ ಇಳಿಯುತ್ತದೆ, ನೋವು ಹೋಗುತ್ತದೆ. 'ಮನೆಯಲ್ಲಿದ್ದರೆ ಸುಖ' ಎಂಬ ಪಾಠವನ್ನು ಮಿದುಳು ಕಲಿಯುತ್ತದೆ. ಮುಂದಿನ ಸೋಮವಾರ ಭಯ ಇನ್ನೂ ದೊಡ್ಡದು. ಆದ್ದರಿಂದ ಕಾಯಿಲೆಯಿಲ್ಲವೆಂದು ಖಚಿತವಾದ ಮೇಲೆ ಮಗುವನ್ನು ಮೆಲ್ಲನೆ ಶಾಲೆಗೆ ಮರಳಿಸುವುದೇ ಚಿಕಿತ್ಸೆಯ ಭಾಗ. ಜೊತೆಜೊತೆಗೆ ಭಯದ ಮೂಲವನ್ನೂ ಸರಿಪಡಿಸಬೇಕು. ತರಗತಿಯಲ್ಲಿ ಯಾರೋ ಹಿಂಸಿಸುತ್ತಿರುವಾಗ 'ಧೈರ್ಯವಾಗಿ ಹೋಗು' ಎಂದರೆ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪರೀಕ್ಷೆಯ ಮುಂಜಾನೆ ಹೊಟ್ಟೆ ಕಿವುಚಿದರೆ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಹೀಗೆ ಹತ್ತು ಬಾರಿ. ಉಸಿರು ಬಿಡುವ ಹೊತ್ತಿನಲ್ಲಿ ವೇಗಸ್ ನರ ಹೃದಯದ ಬಡಿತವನ್ನು ಇಳಿಸುತ್ತದೆ. ಇದು ಮಂತ್ರವಲ್ಲ, ಶರೀರಶಾಸ್ತ್ರ. ಆದರೆ ದಿನವಿಡೀ ಬೇಸರ, ನಿದ್ರೆಯಿಲ್ಲದ ರಾತ್ರಿ, ಬದುಕು ಬೇಡವೆನ್ನುವ ಯೋಚನೆ ಇದ್ದರೆ ಉಸಿರಾಟ ಸಾಲದು. ನಂಬಿಕೆಯ ಒಬ್ಬ ದೊಡ್ಡವರಿಗೆ ಅಂದೇ ಹೇಳಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆಪತ್ತಿನಲ್ಲಿರುವ ಮಕ್ಕಳಿಗಾಗಿ 1098 ಸಂಖ್ಯೆಯೂ ಇದೆ.

ಉರ್ವದ ಆ ಹುಡುಗಿಯ ಕಥೆ ಮುಗಿಯಲಿಲ್ಲ. ಅವಳ ಅಮ್ಮ ಮೂರು ವಾರ ಪುಸ್ತಕ ಬರೆದರು ಎಂದು ಭಾವಿಸಿ. ನೋವೆಲ್ಲ ಸೋಮವಾರದ್ದೇ. ಆಸ್ಪತ್ರೆಯಲ್ಲಿ ದಾದಿ ತೂಕ ನೋಡುತ್ತಾ, 'ಸೋಮವಾರ ಮೊದಲ ಪೀರಿಯಡ್ ಯಾವುದು?' ಎಂದು ತುಳುವಿನಲ್ಲಿ ಕೇಳುತ್ತಾರೆ. ಇಂಗ್ಲಿಷ್. ಎಲ್ಲರ ಮುಂದೆ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಐದನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ತಡವರಿಸುತ್ತಾಳೆ, ಹಿಂದಿನ ಬೆಂಚಿನವರು ನಗುತ್ತಾರೆ. ಇಷ್ಟೇ! ವೈದ್ಯರು ಹೊಟ್ಟೆ ಒತ್ತಿ ನೋಡಿ ಕಾಯಿಲೆಯಿಲ್ಲವೆಂದು ಖಚಿತಪಡಿಸುತ್ತಾರೆ. ಅಮ್ಮ ತರಗತಿಯ ಶಿಕ್ಷಕಿಯನ್ನು ಕಾಣುತ್ತಾರೆ. ಕೆಲವು ವಾರ ಅವಳು ಶಿಕ್ಷಕಿಯೊಬ್ಬರ ಮುಂದೆ ಮಾತ್ರ ಓದಲಿ, ನಗುವವರಿಗೆ ಬುದ್ಧಿ ಹೇಳೋಣ ಎಂದು ಒಪ್ಪಂದವಾಗುತ್ತದೆ.

ಮುಂದಿನ ಸೋಮವಾರವೂ ಹೊಟ್ಟೆ ಸ್ವಲ್ಪ ನೋಯಬಹುದು. ಆದರೆ ಈ ಬಾರಿ ಅಪ್ಪ 'ನಾಟಕ' ಎನ್ನುವುದಿಲ್ಲ. 'ನೋವಿದೆ, ಗೊತ್ತು. ಬಾ, ಬಸ್ ನಿಲ್ದಾಣದವರೆಗೆ ಜೊತೆಗೆ ಬರುತ್ತೇನೆ' ಎನ್ನುತ್ತಾರೆ. ಅವಳಿಗೆ ಬೇಕಾಗಿದ್ದ ಔಷಧದ ಮೊದಲ ಗುಟುಕು ಅದೇ.