ಕುದುರೆಯ ಬೆನ್ನು ನೋಡದೆ ಜೀನು ಕೊಳ್ಳಬೇಡಿ

ಹೋದ ದೀಪಾವಳಿ ಹೊತ್ತಿಗೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಚರ್ಚೆ ನಡೀತು. ಟೆಕ್ಸಾಸ್‌ನಲ್ಲಿರೋ ಅಕ್ಕನ ಮಗಳಿಗೆ ಹದಿನಾರು ತುಂಬುವುದರಲ್ಲಿತ್ತು. ಅವಳಿಗೆ ಬ್ಯಾರಲ್ ರೇಸಿಂಗ್ ಹುಚ್ಚು. ಹುಟ್ಟುಹಬ್ಬಕ್ಕೆ ಹೊಸ ಜೀನು ಬೇಕು ಅಂದಳು. ಅಮೆರಿಕದಲ್ಲಿ ಒಳ್ಳೆಯ ಜೀನಿಗೆ ಲಕ್ಷ ರೂಪಾಯಿ ದಾಟುತ್ತೆ. ಮಾಮಾ ಅನ್ನಿಸಿಕೊಂಡ ತಪ್ಪಿಗೆ ನಾನು, 'ಕಾನ್ಪುರದಿಂದ ತರಿಸಿ ಕಳಿಸ್ತೀನಿ ಬಿಡು' ಅಂದುಬಿಟ್ಟೆ. ಬ್ರಿಟಿಷರ ಸೈನ್ಯಕ್ಕೆ ಜೀನು, ಸರಂಜಾಮು ಹೊಲಿದುಕೊಟ್ಟ ಊರು ಅದು. ಇವತ್ತಿಗೂ ವಿದೇಶಗಳಿಗೆ ಜೀನು ರಫ್ತು ಮಾಡುತ್ತೆ. ಅಲ್ಲಿನ ಜೀನುಗಾರಿಕೆಗೆ ಜಿಐ ಮಾನ್ಯತೆಯೂ ಇದೆ.

ವಿಡಿಯೋ ಕಾಲ್‌ನಲ್ಲಿ ಬಣ್ಣ ಯಾವುದು, ಹೂವಿನ ಕೆತ್ತನೆ ಬೇಕೋ ಬೇಡವೋ ಅಂತ ಮಾತಾಡ್ತಾ ಇದ್ವಿ. ಮೂಲೆಯಲ್ಲಿ ಕೂತಿದ್ದ ಅಪ್ಪ ನಡುವೆ ಬಾಯಿ ಹಾಕಿದರು. 'ಅಲ್ಲೋ, ಆ ಕುದುರಿ ಬೆನ್ನ ಯಾರರೆ ನೋಡೀರೇನು?'

ಯಾರೂ ನೋಡಿರಲಿಲ್ಲ. ಅಪ್ಪ ನವಲಗುಂದ ಕಡೆಯ ಕರಿಮಣ್ಣಿನ ಹೊಲದಲ್ಲಿ ಎತ್ತು ಕಟ್ಟಿ ದುಡಿದವರು. 'ನಾವು ಎತ್ತಿನ ಹೆಗಲ ನೋಡಿ ಬಡಿಗ್ಯಾನ ಕಡೆ ನೊಗಾ ಕೆತ್ತಸ್ತಿದ್ವಿ. ನೊಗಾ ತಂದು ಅದಕ್ಕ ಹೊಂದೋ ಎತ್ತ ಹುಡಕತಿರಲಿಲ್ಲ' ಅಂದರು. ಆಗ ಆ ಕಡೆಯಿಂದ ಹುಡುಗಿ ಮೆಲ್ಲಗೆ ಇನ್ನೊಂದು ವಿಷಯ ಬಿಟ್ಟಳು. 'ಅಜ್ಜಾ, ಎರಡು ತಿಂಗಳಿಂದ ಅದು ಬಲಕ್ಕೆ ತಿರುಗೋಕೆ ಒಲ್ಲೆ ಅಂತಿದೆ. ಜೀನು ಹಾಕೋವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚೋಕೆ ಬರುತ್ತೆ. ಮೊಂಡ ಕುದುರೆ, ಮಾರಿಬಿಡಿ ಅಂತಿದಾರೆ.'

ಹುಟ್ಟುಹಬ್ಬದ ಉಡುಗೊರೆಯ ಮಾತು ಕುದುರೆ ಉಳಿಸಿಕೊಳ್ಳೋದಾ ಮಾರೋದಾ ಅನ್ನೋ ಮಾತಾಯ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಒತ್ತಡದ ಸೂತ್ರ ಕೆಲಸಕ್ಕೆ ಬಂತು.

ಮೂರು ಪೀಪಾಯಿ, ಹದಿನೇಳು ಸೆಕೆಂಡು

ಬ್ಯಾರಲ್ ರೇಸಿಂಗ್ ಅಂದರೆ ಮೈದಾನದಲ್ಲಿ ತ್ರಿಕೋನಾಕಾರದಲ್ಲಿ ಇಟ್ಟ ಮೂರು ಪೀಪಾಯಿಗಳನ್ನು ಒಂದೊಂದಾಗಿ ಸುತ್ತಿ, ಬಂದ ದಾರಿಯಲ್ಲೇ ಓಡಿ ಹೊರಬರೋದು. ಪೂರ್ಣ ಅಳತೆಯ ಮೈದಾನದಲ್ಲಿ ಮೊದಲೆರಡು ಪೀಪಾಯಿಗಳ ನಡುವೆ 90 ಅಡಿ, ಅವೆರಡರಿಂದ ಮೂರನೆಯದಕ್ಕೆ 105 ಅಡಿ. ಚೆನ್ನಾಗಿ ಓಡಿದವರು ಹದಿನೇಳು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. ಪೀಪಾಯಿ ಉರುಳಿದರೆ 5 ಸೆಕೆಂಡು ದಂಡ. 1948ರಲ್ಲಿ ಟೆಕ್ಸಾಸ್‌ನ ಮಹಿಳೆಯರೇ ಸೇರಿ ಕಟ್ಟಿಕೊಂಡ ಸಂಘಟನೆಯಿಂದ ಈ ಆಟಕ್ಕೆ ಒಂದು ಶಿಸ್ತು ಬಂತು. ಇವತ್ತಿಗೂ ಇದು ಮುಖ್ಯವಾಗಿ ಹೆಣ್ಣುಮಕ್ಕಳ ಆಟ.

ಓಟಕ್ಕಿಂತ ತಿರುವಿನಲ್ಲೇ ಇದರ ಕಷ್ಟ ಇರೋದು. ಒಂದು ಲೆಕ್ಕ ನೋಡಿ. ಕುದುರೆ ಗಂಟೆಗೆ 18 ಕಿ.ಮೀ. ವೇಗದಲ್ಲಿ 3.5 ಮೀಟರ್ ತ್ರಿಜ್ಯದ ತಿರುವು ತಗೊಂಡಿತು ಅಂತ ಇಟ್ಟುಕೊಳ್ಳಿ. ಆಗ ಸವಾರಳನ್ನು ಹೊರಕ್ಕೆ ತಳ್ಳಿದಂತೆ ಅನಿಸೋ ಬಲ ಅವಳ ತೂಕದ ಮುಕ್ಕಾಲು ಪಾಲಿನ ಹತ್ತಿರ ಬರುತ್ತೆ. ಬೈಕ್ ವಾಲಿಸಿದ ಹಾಗೆ ಕುದುರೆ ಒಳಕ್ಕೆ ವಾಲುತ್ತೆ. ಎರಡೂ ಬಲ ಕೂಡಿ ಬೆನ್ನ ಮೇಲಿನ ಭಾರ ಸುಮಾರು ಕಾಲು ಭಾಗ ಹೆಚ್ಚುತ್ತೆ. ನಡಿಗೆಯಲ್ಲಿ 'ಪರವಾಗಿಲ್ಲ' ಅನ್ನಿಸಿದ ಜೀನು ಇಲ್ಲಿ ಸಿಕ್ಕಿಬೀಳುತ್ತೆ.

ಅದಕ್ಕೇ ಬ್ಯಾರಲ್ ಜೀನಿನ ವಿನ್ಯಾಸವೇ ಬೇರೆ. ಕೂರುವ ಜಾಗ ಆಳ, ಹಿಂಬದಿ ಎತ್ತರ, ಮುಂದೆ ಹಿಡಿಯೋಕೆ ತೆಳ್ಳಗಿನ ಉದ್ದ ಕೊಂಬು, ಕೆಳಗಿನ ಚರ್ಮದ ಅಂಚು ಗಿಡ್ಡ. ಸಾಮಾನ್ಯವಾಗಿ 9ರಿಂದ 13 ಕೆ.ಜಿ. ತೂಕ. ಹಗ್ಗ ಎಸೆದು ದನ ಹಿಡಿಯುವವರ ಜೀನು ಇದಕ್ಕಿಂತ ಎಷ್ಟೋ ಭಾರ, ಅದರ ಕೊಂಬೂ ದಪ್ಪ.

ಒಳಗಿನ ಚೌಕಟ್ಟೇ ಮುಖ್ಯ

ಅಂಗಡಿಯಲ್ಲಿ ಕಾಣೋದು ಚರ್ಮ. ಕೆಲಸ ಮಾಡೋದು ಒಳಗಿನ ಚೌಕಟ್ಟು. ಅದಕ್ಕೆ 'ಟ್ರೀ' ಅಂತಾರೆ. ಮರ ಅಥವಾ ಫೈಬರ್‌ನಲ್ಲಿ ಮಾಡಿದ್ದು. ಬೆನ್ನೆಲುಬಿನ ಎರಡೂ ಬದಿ ಮಲಗೋ ಎರಡು ಉದ್ದ ಪಟ್ಟಿ, ಅವನ್ನು ಮುಂದೆ ಜೋಡಿಸೋ ಒಂದು ಕಮಾನು, ಹಿಂದೆ ಇನ್ನೊಂದು. ಸವಾರಳ ಭಾರವನ್ನು ಬೆನ್ನೆಲುಬಿಗೆ ತಾಗಿಸದೆ ಅಕ್ಕಪಕ್ಕದ ಸ್ನಾಯುಗಳ ಮೇಲೆ ಹರಡೋದು ಆ ಎರಡು ಪಟ್ಟಿಗಳ ಕೆಲಸ.

ಒತ್ತಡ ಅಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಸವಾರಳು 60 ಕೆ.ಜಿ., ಜೀನು 12 ಕೆ.ಜಿ., ಒಟ್ಟು 72 ಅನ್ನಿ. ಪಟ್ಟಿಗಳು 1,200 ಚದರ ಸೆಂ.ಮೀ.ನಷ್ಟು ಬೆನ್ನಿಗೆ ಸಮನಾಗಿ ಕೂತರೆ ಪ್ರತಿ ಚದರ ಸೆಂ.ಮೀ. ಮೇಲೆ 60 ಗ್ರಾಂ. ಅದೇ ಜೀನು ನಾಲ್ಕು ಮೂಲೆಯಲ್ಲಷ್ಟೇ ತಾಗಿ 300 ಚದರ ಸೆಂ.ಮೀ. ಮೇಲೆ ನಿಂತರೆ 240 ಗ್ರಾಂ. ಭಾರ ಅಷ್ಟೇ, ನೋವು ನಾಲ್ಕು ಪಟ್ಟು. ಒತ್ತಿದ ಜಾಗಕ್ಕೆ ರಕ್ತ ಸರಿಯಾಗಿ ಹರಿಯಲ್ಲ. ಬಹಳ ದಿನ ಹೀಗೇ ನಡೆದರೆ ಕೂದಲಿಗೆ ಬಣ್ಣ ಕೊಡೋ ಕೋಶಗಳೇ ಸತ್ತು ಅಲ್ಲಿ ಬಿಳಿ ಕೂದಲು ಹುಟ್ಟುತ್ತೆ.

ಎಲ್ಲ ಕುದುರೆಯ ಬೆನ್ನೂ ಒಂದೇ ಥರ ಇರಲ್ಲ. ಅಮೆರಿಕದ ಕ್ವಾರ್ಟರ್ ತಳಿಯದು ಅಗಲ, ಮಾಂಸಲ. ಥರೋಬ್ರೆಡ್‌ನ ಹೆಗಲ ಉಬ್ಬು ಎತ್ತರ. ನಮ್ಮ ಮಾರವಾಡಿ, ಕಾಠಿಯಾವಾಡಿ ಕುದುರೆಗಳ ಮೈ ಕಿರಿದು. ಜೀನಿನ ಮೇಲೆ 'ಫುಲ್ ಕ್ವಾರ್ಟರ್', 'ಸೆಮಿ ಕ್ವಾರ್ಟರ್' ಅಂತ ಅಳತೆ ಬರೆದಿರ್ತಾರೆ. ಆದರೆ ಇದಕ್ಕೆ ಎಲ್ಲರೂ ಪಾಲಿಸೋ ಒಂದೇ ಮಾನದಂಡ ಇಲ್ಲ. ಒಬ್ಬರ 'ಫುಲ್' ಇನ್ನೊಬ್ಬರ 'ಸೆಮಿ'ಗೆ ಸಮ ಇರಬಹುದು. ಹಾಗಾಗಿ ಚೀಟಿ ನಂಬಿ ಆನ್‌ಲೈನ್‌ನಲ್ಲಿ ಕೊಳ್ಳೋದು ಅಂದಾಜಿನ ಮೇಲೆ ಚಪ್ಪಲಿ ತಂದ ಹಾಗೆ. ಚಪ್ಪಲಿ ಕಚ್ಚಿದರೆ ನಾವು ಬಾಯಿ ಬಿಟ್ಟು ಹೇಳ್ತೀವಿ.

ಕೈಯಿಂದಲೇ ನೋಡೋದು ಹೇಗೆ?

ಮೊದಲ ಪರೀಕ್ಷೆಗೆ ಪ್ಯಾಡ್ ಹಾಕಬೇಡಿ. ಬರೀ ಬೆನ್ನ ಮೇಲೆ ಜೀನು ಇಡಿ. ಕುದುರೆ ಸಮನಾದ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಿರಬೇಕು.

ಒಂದು, ಭುಜ. ಮುಂಗಾಲು ಮುಂದೆ ಹೋದಾಗ ಭುಜದ ಹಲಗೆ ಎಲುಬು ಹಿಂದಕ್ಕೆ ಜಾರುತ್ತೆ. ಒಬ್ಬರು ಮುಂಗಾಲನ್ನು ಎತ್ತಿ ಮುಂದಕ್ಕೆ ಎಳೆಯಲಿ, ಆ ಎಲುಬು ಎಲ್ಲಿಯವರೆಗೆ ಬರುತ್ತೆ ಅಂತ ನೀವು ಕೈಯಿಟ್ಟು ನೋಡಿ. ನಿಂತಾಗ ಅದರ ಹಿಂಬದಿ ಅಂಚಿನಿಂದ ಎರಡು ಮೂರು ಬೆರಳು ಹಿಂದೆ ಟ್ರೀ ಶುರುವಾಗಬೇಕು. ಜೀನು ಮುಂದೆ ಕೂತರೆ ಪ್ರತಿ ಹೆಜ್ಜೆಗೂ ಎಲುಬು ಮರಕ್ಕೆ ಬಡಿಯುತ್ತೆ. ಆ ಬದಿಗೆ ಕುದುರೆ ತಿರುಗಲ್ಲ ಅಂದರೆ ಅದನ್ನ ಮೊಂಡು ಅನ್ನೋದು ನ್ಯಾಯವಲ್ಲ.

ಎರಡು, ಹೆಗಲ ಉಬ್ಬು. ಸವಾರಳು ಕೂತ ಮೇಲೂ ಕಮಾನಿನ ಕೆಳಗೆ ಎರಡು ಮೂರು ಬೆರಳು ಹೋಗಬೇಕು. ಒಂದೂ ಹೋಗದಿದ್ದರೆ ಟ್ರೀ ಅಗಲ ಜಾಸ್ತಿ, ಜೀನು ಕುಸಿದಿದೆ. ನಾಲ್ಕೈದು ಬೆರಳು ಹೋದರೆ ಕಿರಿದಾಗಿ ಮೇಲೆ ಕಚ್ಚಿಕೊಂಡಿದೆ. ಕಮಾನಿನ ಮುಂದೆ ನಿಂತು ಇಣುಕಿ, ಬೆನ್ನೆಲುಬಿನ ಉದ್ದಕ್ಕೂ ಹಿಂದಿನವರೆಗೆ ಬೆಳಕು ಕಾಣಬೇಕು.

ಮೂರು, ಪಟ್ಟಿಯ ಬಾಗು. ಅಂಗೈ ಚಪ್ಪಟೆ ಮಾಡಿ ಜೀನಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಜಾರಿಸಿ. ಎಲ್ಲ ಕಡೆ ಒಂದೇ ಬಿಗಿ ಸಿಕ್ಕರೆ ಸರಿ. ಮುಂದೆ ಹಿಂದೆ ಬಿಗಿ, ನಡುವೆ ಖಾಲಿ ಇದ್ದರೆ ಜೀನು ಸೇತುವೆ ಥರ ನಿಂತಿದೆ. ನಡುವೆ ಮಾತ್ರ ತಾಗಿ ತುದಿಗಳು ಎದ್ದಿದ್ದರೆ ತೊಟ್ಟಿಲಿನ ಹಾಗೆ ತೂಗಾಡುತ್ತೆ.

ನಾಲ್ಕು, ಉದ್ದ. ಕುದುರೆಗೆ 18 ಜೊತೆ ಪಕ್ಕೆಲುಬು. ಭಾರ ಕೊನೆಯ ಪಕ್ಕೆಲುಬಿನ ಹಿಂದೆ ಹೋಗಬಾರದು. ಅಲ್ಲಿಂದಾಚೆ ಸೊಂಟ, ಕೆಳಗೆ ಆಸರೆ ಇಲ್ಲ.

ಕೊನೆಯದು ಬೆವರು. ಇಪ್ಪತ್ತು ಮೂವತ್ತು ನಿಮಿಷ ಚೆನ್ನಾಗಿ ಓಡಿಸಿ ಜೀನು ತೆಗೆಯಿರಿ. ಬೆನ್ನೆಲುಬಿನ ಮೇಲಿನ ಗೆರೆ ಒಣಗಿರೋದು ಸಹಜ. ಉಳಿದ ಕಡೆ ಒದ್ದೆಯಾಗಿದ್ದು ಒಂದೆರಡು ಕಡೆ ಮಾತ್ರ ಅಂಗೈಯಗಲ ಒಣಗಿದ್ದರೆ ಅನುಮಾನಪಡಿ. ಅಲ್ಲಿ ಜೀನು ತಾಗೇ ಇಲ್ಲ, ಇಲ್ಲವೇ ಬೆವರು ಬರದಷ್ಟು ಒತ್ತಿದೆ. ಬೆರಳಿಂದ ಅದುಮಿ ನೋಡಿ. ಕುದುರೆ ಬೆನ್ನು ತಗ್ಗಿಸಿದರೆ, ಚರ್ಮ ನಡುಗಿಸಿದರೆ ಒತ್ತಿದೆ ಅಂತಲೇ ಅರ್ಥ.

'ದಪ್ಪ ಪ್ಯಾಡ್ ಹಾಕಿದರಾಯ್ತು' ಅನ್ನೋದು ಎಲ್ಲ ಕಡೆ ಕೇಳೋ ಸಲಹೆ. ಬಿಗಿ ಬೂಟಿಗೆ ದಪ್ಪ ಕಾಲುಚೀಲ ಹಾಕಿದರೆ ಏನಾಗುತ್ತೆ? ಕಿರಿದಾದ ಜೀನಿಗೆ ದಪ್ಪ ಪ್ಯಾಡ್ ಹಾಕಿದರೂ ಅದೇ ಆಗುತ್ತೆ.

ಸವಾರಳ ಅಳತೆಯೂ ಕುದುರೆಯ ಸಲುವಾಗಿಯೇ

ಬೆನ್ನಿಗೆ ಹೊಂದಿದ ಮೇಲೆ ಸವಾರಳ ಸರದಿ. ಸೀಟಿನ ಅಳತೆ ಇಂಚಿನಲ್ಲಿ ಇರುತ್ತೆ, ದೊಡ್ಡವರಿಗೆ ಹೆಚ್ಚಾಗಿ 14ರಿಂದ 16. ಕೂತಾಗ ತೊಡೆಗೂ ಮುಂದಿನ ಉಬ್ಬಿಗೂ ನಡುವೆ ಮೂರು ನಾಲ್ಕು ಬೆರಳು ಜಾಗ ಇರಬೇಕು. ಸೀಟು ದೊಡ್ಡದಾದರೆ ಪ್ರತಿ ತಿರುವಿನಲ್ಲೂ ಸವಾರಳು ಹಿಂದಕ್ಕೆ ಜಾರಿ ಕುದುರೆಯ ಸೊಂಟದ ಮೇಲೆ ಬೀಳ್ತಾಳೆ. ಚಿಕ್ಕದಾದರೆ ಹಿಂಬದಿಯ ಅಂಚಿನ ಮೇಲೇರಿ ಕೂರ್ತಾಳೆ, ಭಾರವೆಲ್ಲ ಹಿಂದಕ್ಕೆ. ಕಾಲಿಡೋ ರಿಕಾಪು ಸರಿಯಾದ ಕಡೆ ತೂಗಬೇಕು. ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರಬೇಕು. ರಿಕಾಪು ಬಹಳ ಮುಂದಿದ್ದರೆ ಹುಡುಗಿ ಎಷ್ಟೇ ಪಳಗಿದವಳಾದರೂ ಕುದುರೆಯ ಹಿಂದೆಯೇ ಉಳಿದು, ಕಡಿವಾಣ ಹಿಡಿದು ಜೋತಾಡ್ತಾಳೆ.

ಹಳೇ ಜೀನು ಕೊಳ್ಳೋದಾದರೆ ಇನ್ನೊಂದು ನೋಡಿ. ಕೊಂಬನ್ನೂ ಹಿಂಬದಿಯನ್ನೂ ಎರಡು ಕೈಯಲ್ಲಿ ಹಿಡಿದು ಒಂದರ ಕಡೆ ಇನ್ನೊಂದನ್ನು ಒತ್ತಿ. ಕಿರ್ ಅಂದರೆ, ನಡುವೆ ಬಗ್ಗಿದರೆ, ಟ್ರೀ ಮುರಿದಿದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಒಂದು ತಂತಿ, ಮೂರು ರಟ್ಟು

ನಮ್ಮ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ಪಶುವೈದ್ಯರಿಗೆ ತೋರಿಸು. ಹಲ್ಲು, ಗೊರಸು, ಕಾಲಿನ ನೋವಿಗೂ ಕುದುರೆ ಹೀಗೇ ಆಡುತ್ತೆ. ಅಲ್ಲೇನೂ ಇಲ್ಲ ಅಂದರೆ ಬಗ್ಗೋ ದಪ್ಪ ತಂತಿಯನ್ನು ಬೆನ್ನಿಗೆ ಅಡ್ಡಲಾಗಿ ಒತ್ತಿ ಆಕಾರ ತೆಗೆ. ಭುಜದ ಹಿಂದೆ ಒಂದು, ನಡುಬೆನ್ನಲ್ಲಿ ಒಂದು, ಕೊನೆಯ ಪಕ್ಕೆಲುಬಿನ ಹತ್ತಿರ ಒಂದು. ಮೂರನ್ನೂ ರಟ್ಟಿನ ಮೇಲೆ ಬರೆದು ಕತ್ತರಿಸು. ಜೀನನ್ನು ಬೋರಲು ಹಾಕಿ ಆ ರಟ್ಟುಗಳನ್ನು ಆಯಾ ಜಾಗದಲ್ಲಿ ಇಟ್ಟು ನೋಡು.

ವೈದ್ಯರಿಗೆ ಬೇರೇನೂ ಸಿಗಲಿಲ್ಲ, ಬಲಭುಜದ ಹಿಂದೆ ಅದುಮಿದರೆ ಮಾತ್ರ ಕುದುರೆ ನಡುಗಿತು. ವಾರದ ಮೇಲೆ ಫೋಟೋ ಬಂತು. ಮೊದಲ ರಟ್ಟು ಅವಳ ಹಳೇ ಜೀನಿನ ಕಮಾನಿನೊಳಗೆ ಹೋಗಲೇ ಇಲ್ಲ. ಕುದುರೆ ಎರಡು ವರ್ಷದಲ್ಲಿ ಮೈತುಂಬಿ ಅಗಲವಾಗಿತ್ತು, ಜೀನು ಹಾಗೇ ಇತ್ತು. ನಾನು ಕಾನ್ಪುರಕ್ಕೆ ಕೊಡಬೇಕು ಅಂದುಕೊಂಡ ದುಡ್ಡು ಅಲ್ಲಿಯ ಜೀನು ತಜ್ಞರ ಶುಲ್ಕಕ್ಕೆ, ಮತ್ತೆ ಅವರು ಕುದುರೆಯ ಮೇಲೆ ಇಟ್ಟು ನೋಡಿ ಆರಿಸಿದ ಒಂದು ಹಳೇ ಅಗಲದ ಜೀನಿಗೆ ಹೋಯ್ತು. ಕೆತ್ತನೆ ಇಲ್ಲ, ಬಣ್ಣ ಮಾಸಿದೆ. ಕುದುರೆಗೆ ಒಂದು ತಿಂಗಳು ವಿಶ್ರಾಂತಿ ಕೊಟ್ಟು ಮತ್ತೆ ಶುರು ಮಾಡಿದಳು. ಈಗ ಬಲಕ್ಕೆ ತಿರುಗುತ್ತೆ. ಮಾರೋ ಮಾತು ನಿಂತಿದೆ.

ಹುಬ್ಬಳ್ಳಿಯಲ್ಲಿ ಕೂತು ಇದನ್ನೆಲ್ಲ ಯಾಕೆ ಓದಬೇಕು ಅಂತ ನೀವು ಕೇಳಬಹುದು. ಮದುವೆ ಸೀಸನ್‌ನಲ್ಲಿ ನಮ್ಮ ಓಣಿಗಳಲ್ಲೇ ಕುದುರೆ ಬರುತ್ತೆ. ಜರಿಯ ಹೊದಿಕೆ, ಡಿಜೆ ಸದ್ದು, ಮೇಲೆ ಮದುಮಗ. ಹೊದಿಕೆಯ ಕೆಳಗಿನ ಜೀನನ್ನು ಯಾರೂ ನೋಡಲ್ಲ. ಜೀನು ಮಾಡುವವರಿಗೆ ಜೀನಗಾರರು ಅಂತ ಹೆಸರು ಬಂದ ಸೀಮೆ ನಮ್ಮದು. ಆ ಅಡ್ಡಹೆಸರಿನವರು ಈಗಲೂ ಇದ್ದಾರೆ. ಕುದುರೆಯ ಬೆನ್ನಿಗೆ ಅಳತೆ ಹಿಡಿದು ಹೊಲಿಸೋ ರೂಢಿ ಮಾತ್ರ ಹೋಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಗಾಯ ಅಥವಾ ಹುಣ್ಣಿನಿಂದಾಗಿ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸೋದು ಅಪರಾಧ.

ಮುಂದಿನ ಸಲ ಮೆರವಣಿಗೆಗೆ ಕುದುರೆ ಗೊತ್ತು ಮಾಡುವವರು ಮುಂಗಡ ಕೊಡೋ ಮುಂಚೆ ಒಮ್ಮೆ ಜೀನು ತೆಗೆಸಿ ನೋಡಿ. ಹೆಗಲ ಉಬ್ಬಿನ ಅಕ್ಕಪಕ್ಕ ಬಿಳಿ ಕೂದಲಿನ ತೇಪೆ ಕಂಡರೆ 'ಹುಟ್ಟು ಮಚ್ಚೆ' ಅಂತಾರೆ. ಎರಡೂ ಬದಿ ಸಮನಾಗಿ, ಜೀನು ಕೂರೋ ಜಾಗದಲ್ಲೇ ಇದ್ದರೆ ಅದು ಮಚ್ಚೆ ಅಲ್ಲ, ಹಳೇ ಗಾಯದ ಗುರುತು. ಹಸಿ ಹುಣ್ಣಿದ್ದರೆ ಆ ಕುದುರೆ ಬೇಡ ಅನ್ನಿ, ಯಾಕೆ ಬೇಡ ಅಂತಲೂ ಹೇಳಿ. ಗಿರಾಕಿ ಕೇಳೋಕೆ ಶುರು ಮಾಡಿದರೆ ಮಾಲೀಕರೂ ಬೆನ್ನು ನೋಡ್ತಾರೆ.