ಮಗುವಿನ ಫೋಟೊ ಮನೆಯಲ್ಲೇ ತೆಗೀತೀರಾ? ಗೋಡೆ ಮೇಲಿನ ಕಪ್ಪು ನೆರಳು ಹೀಗೆ ತಪ್ಪಿಸಿ

ಶಾಲೆಗೆ, ಪಾಸ್‌ಪೋರ್ಟ್‌ಗೆ ಅಂತ ಮಕ್ಕಳ ಫೋಟೊವನ್ನು ಈಗ ಎಷ್ಟೋ ಜನ ಮನೆಯಲ್ಲೇ ಮೊಬೈಲ್‌ನಲ್ಲಿ ತೆಗೆದು ಅಂಗಡಿಗೆ ಪ್ರಿಂಟ್‌ಗೆ ಕೊಡ್ತಾರೆ. ಆದರೆ ಪಾಸ್‌ಪೋರ್ಟ್ ಫೋಟೊದಲ್ಲಿ ಮುಖದ ಮೇಲಾಗಲಿ, ಹಿಂದಿನ ಬಿಳಿ ಗೋಡೆ ಮೇಲಾಗಲಿ ನೆರಳು ಇರಬಾರದು. ಇದ್ದರೆ ವಾಪಸ್ ಬರಬಹುದು. ಮತ್ತೆ ಓಡಾಟ, ಒಂದು ದಿನದ ಕೆಲಸ ಹಾಳು.

ನೆರಳು ಅಷ್ಟು ಕಪ್ಪಗೆ ಬೀಳೋದು ಯಾಕೆ? ಬೆಳಕು ಬರುವ ಜಾಗ ಚಿಕ್ಕದಾದಷ್ಟೂ ನೆರಳಿನ ಅಂಚು ಗಟ್ಟಿ. ಮೊಬೈಲ್ ಫ್ಲ್ಯಾಶ್ ಕಡಲೆಕಾಳಿನಷ್ಟು, ಕಿಟಕಿ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಗಾಗಿ ಫ್ಲ್ಯಾಶ್ ಆಫ್ ಮಾಡಿ, ಮಗುವನ್ನು ಕಿಟಕಿ ಅಥವಾ ಬಾಗಿಲಿಗೆ ಮುಖ ಮಾಡಿ ಕೂರಿಸಿ. ನೇರ ಬಿಸಿಲು ಬರ್ತಿದ್ರೆ ತೆಳು ಬಿಳಿ ಪಂಚೆ ಅಡ್ಡ ಕಟ್ಟಿ.

ಗೋಡೆಗೆ ಒರಗಿಸಬೇಡಿ. ಮೂರ್ನಾಲ್ಕು ಅಡಿ ಮುಂದೆ ಕೂರಿಸಿದರೆ ಗೋಡೆ ಮೇಲಿನ ನೆರಳು ತೆಳುವಾಗುತ್ತೆ. ಒಂದು ಕೆನ್ನೆ ಕಪ್ಪಾಗಿ ಕಂಡರೆ ಆ ಕಡೆ ಬಿಳಿ ಥರ್ಮಾಕೋಲ್ ಶೀಟ್ ಹಿಡಿಯಿರಿ, ಬೆಳಕು ತಿರುಗಿ ಮುಖಕ್ಕೆ ಬೀಳುತ್ತೆ.

ಇನ್ನೂ ಕೂರಲು ಬಾರದ ಕೂಸಾದರೆ ಕಿಟಕಿ ಹತ್ತಿರ ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ, ಮೇಲಿನಿಂದ ತೆಗೆಯಿರಿ. ನೀವು ಮಾತ್ರ ಕಿಟಕಿಗೆ ಅಡ್ಡ ನಿಲ್ಲಬೇಡಿ.

ಅಂಗಡಿಗೆ ಕಳಿಸೋ ಮುಂಚೆ ಜೂಮ್ ಮಾಡಿ ಮೂಗಿನ ಕೆಳಗೆ, ಕಿವಿ ಪಕ್ಕ ಒಮ್ಮೆ ನೋಡಿ.