ದೇವರ ಮನೆಯಿಂದ ಸಂಸದರ ಬಾಗಿಲಿಗೆ

"ಅಲ್ಲಿ ಯಾವ ಗಲಾಟೆಗೂ ಹೋಗಬೇಡಪ್ಪಾ, ವೀಸಾಕ್ಕೆ ತೊಂದರೆ ಆದೀತು." ಊರಿನಿಂದ ಫೋನ್ ಬಂದಾಗ ಆಸ್ಟ್ರೇಲಿಯಾದ ಕನ್ನಡಿಗರಲ್ಲಿ ಅನೇಕರು ಒಮ್ಮೆಯಾದರೂ ಕೇಳಿರುವ ಮಾತಿದು. ಬ್ರಿಸ್ಬೇನ್‌ನಲ್ಲೋ ಪರ್ತ್‌ನಲ್ಲೋ ಜನ ಫಲಕ ಹಿಡಿದು ನಿಂತ ಚಿತ್ರ ಟಿ.ವಿ.ಯಲ್ಲಿ ಬಂದರೆ ಸಾಕು, ಆ ಗುಂಪಿನಲ್ಲಿ ಮಗನ ಮುಖ ಇದೆಯೇನೋ ಎಂದು ತಾಯಂದಿರು ಹುಡುಕುತ್ತಾರೆ. ಅವರ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ನೀವು ಇಲ್ಲಿಗೆ ಬಂದು ಮೊಮ್ಮಕ್ಕಳ ಜೊತೆ ಮೂರು ವರ್ಷ, ಐದು ವರ್ಷ ಇರುವುದಕ್ಕೆ ದಾರಿಯಾದದ್ದೂ ಅಂಥದೇ ಒಂದು 'ಗಲಾಟೆ'ಯಿಂದ ಎಂಬುದನ್ನು ಮೊದಲು ಹೇಳಬೇಕು.

ಸಬ್‌ಕ್ಲಾಸ್ 870 ಎಂಬ ಪೋಷಕರ ತಾತ್ಕಾಲಿಕ ವೀಸಾದ ಬಗ್ಗೆ ನೀವು ಕೇಳಿರುತ್ತೀರಿ. ಅದು ಬರುವ ಮೊದಲು ಹೆಚ್ಚಿನ ಅಪ್ಪ–ಅಮ್ಮಂದಿರಿಗೆ ಇದ್ದದ್ದು ಪ್ರವಾಸಿ ವೀಸಾ ಒಂದೇ. ಕಾಯಂ ಆಗಿ ಬರಬೇಕೆಂದರೆ ಒಂದೋ ದಶಕಗಳ ಸರದಿ, ಇಲ್ಲವೇ ತಲೆಗೆ 50 ಸಾವಿರ ಡಾಲರ್‌ಗೆ ಹತ್ತಿರದ ಶುಲ್ಕ. ಇದನ್ನು ಬದಲಿಸಿ ಎಂದು ಅಡಿಲೇಡ್‌ನಲ್ಲಿರುವ ಭಾರತೀಯ ಮೂಲದ ವಲಸಿಗರೊಬ್ಬರು ಮನವಿಯೊಂದನ್ನು ಆರಂಭಿಸಿದರು. ಸಾವಿರಾರು ಸಹಿ ಬಿದ್ದವು. 2016ರ ಚುನಾವಣೆಯ ಹೊತ್ತಿಗೆ ಎರಡೂ ದೊಡ್ಡ ಪಕ್ಷಗಳು ಭರವಸೆ ಕೊಡಬೇಕಾಯಿತು. 2019ರ ಏಪ್ರಿಲ್ 17ರಂದು ಹೊಸ ವೀಸಾ ಬಾಗಿಲು ತೆರೆಯಿತು. ಆರಂಭದ ಶುಲ್ಕ ಮೂರು ವರ್ಷಕ್ಕೆ 5,000 ಡಾಲರ್, ಐದು ವರ್ಷಕ್ಕೆ 10,000 ಡಾಲರ್. ವರ್ಷಕ್ಕೆ 15,000 ವೀಸಾಗಳ ಮಿತಿ. ಒಂದು ಮನೆಯಿಂದ ಏಕಕಾಲಕ್ಕೆ ಇಬ್ಬರು ಪೋಷಕರಿಗೆ ಮಾತ್ರ ಅವಕಾಶ. ಗಂಡನ ಅಪ್ಪ–ಅಮ್ಮನೋ ಹೆಂಡತಿಯ ಅಪ್ಪ–ಅಮ್ಮನೋ ಎಂಬ ಜಗಳವನ್ನು ಸರ್ಕಾರವೇ ಮನೆಯೊಳಗೆ ತಂದಿಟ್ಟಿತು ಎನ್ನಬೇಕು. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಕೇಳದೆ ಇದ್ದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಸಹಿ ಸಂಗ್ರಹ ಅಡಿಲೇಡ್‌ಗೆ ಹೊಸದಲ್ಲ. ಆ ನಗರದ ಸಂಸತ್ ಭವನಕ್ಕೆ 1894ರ ಆಗಸ್ಟ್‌ನಲ್ಲಿ ಒಂದು ಮನವಿ ಬಂತು. ಹಾಳೆಗೆ ಹಾಳೆ ಅಂಟಿಸಿ ಸುರುಳಿ ಸುತ್ತಿದ್ದ ಅದರ ಉದ್ದ ಸುಮಾರು 122 ಮೀಟರ್. ಸಹಿಗಳು 11,600. ಲೆಕ್ಕದ ಕೆಲಸದಲ್ಲಿರುವ ನಮಗೆ ಈ ಸಂಖ್ಯೆಗಿಂತ ಅದರ ಒಡಕು ಹೆಚ್ಚು ಕುತೂಹಲದ್ದು. 8,268 ಸಹಿಗಳನ್ನು ತಂದವರು ಕ್ರೈಸ್ತ ಮಹಿಳೆಯರ ಮದ್ಯವಿರೋಧಿ ಸಂಘದವರು. ಭಾನುವಾರ ಪ್ರಾರ್ಥನೆಗೆ ಸೇರುತ್ತಿದ್ದ ಹೆಂಗಸರು ವಾರದ ದಿನಗಳಲ್ಲಿ ಮನೆಮನೆಯ ಬಾಗಿಲು ತಟ್ಟಿದರು. ಗಂಡ ಕುಡಿದು ಬಂದರೆ ಕೂಲಿಯ ಹಣವೂ ಇಲ್ಲ, ಮಕ್ಕಳಿಗೆ ಊಟವೂ ಇಲ್ಲ. ಇದನ್ನು ತಡೆಯುವ ಕಾನೂನು ಬೇಕಾದರೆ ನಮಗೆ ಮತ ಬೇಕು ಎಂಬುದು ಅವರ ವಾದ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ, 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಹೆಂಗಸರನ್ನು ನೆನಪಿಟ್ಟವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು ಮೇರಿ ಲೀ. ಐರ್ಲೆಂಡಿನ ವಿಧವೆ. ಅಡಿಲೇಡ್‌ನಲ್ಲಿದ್ದ ಮಗನಿಗೆ ಕಾಯಿಲೆ ಎಂದು ತಿಳಿದು, ಅವನನ್ನು ನೋಡಿಕೊಳ್ಳಲು 1879ರಲ್ಲಿ ಹಡಗು ಹತ್ತಿದರು. ಆಗ ಅವರಿಗೆ 58 ವರ್ಷ. ಮಗ ಉಳಿಯಲಿಲ್ಲ, ಅವರು ಇಲ್ಲಿಯೇ ಉಳಿದರು. ಚರ್ಚಿನ ಪಾದ್ರಿಯೊಬ್ಬರು ಹುಡುಗಿಯರ ರಕ್ಷಣೆಗಾಗಿ ಮುನ್ನಡೆಸುತ್ತಿದ್ದ ಸಂಘದಲ್ಲಿ ಕೆಲಸ ಆರಂಭಿಸಿ, ಆಮೇಲೆ ಮಹಿಳಾ ಮತದಾನ ಲೀಗ್‌ನ ಕಾರ್ಯದರ್ಶಿಯಾದರು. ಮಕ್ಕಳ ಬಳಿಗೆ ಬಂದ ತಾಯಂದಿರು ಮೊಮ್ಮಕ್ಕಳ ಗಾಡಿ ತಳ್ಳುವುದಕ್ಕೆ ಮಾತ್ರ ಇರುವವರು ಎಂದುಕೊಂಡವರು ಇವರನ್ನು ನೆನೆಯಬೇಕು. 1894ರ ಡಿಸೆಂಬರ್ 18ರಂದು ಮಸೂದೆ 31–14 ಮತಗಳಿಂದ ಗೆದ್ದಿತು. ತಮಾಷೆಯೆಂದರೆ, ಮಹಿಳೆಯರು ಚುನಾವಣೆಗೆ ನಿಲ್ಲಬಹುದು ಎಂಬ ಅಂಶವನ್ನು ಸೇರಿಸಿದ್ದು ವಿರೋಧಿಯೊಬ್ಬ. ಇಷ್ಟು ಅತಿಯಾದರೆ ಮಸೂದೆಯೇ ಬಿದ್ದುಹೋಗುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಿತು, ಅದೂ ಸೇರಿಯೇ ಕಾನೂನಾಯಿತು. ಆದರೂ ಆ ರಾಜ್ಯದ ಸಂಸತ್ತಿಗೆ ಮಹಿಳೆಯರು ಆಯ್ಕೆಯಾಗಲು 1959ರವರೆಗೆ ಕಾಯಬೇಕಾಯಿತು.

ಹಾಗೆಂದು ದೇವರನ್ನು ನಂಬುವವರೆಲ್ಲ ಸದಾ ಒಂದೇ ಕಡೆ ನಿಲ್ಲುತ್ತಾರೆ ಎಂದು ತಿಳಿಯಬೇಡಿ. ಇದಕ್ಕೆ ಬ್ರಿಸ್ಬೇನ್ ಸಾಕ್ಷಿ. ಕ್ವೀನ್ಸ್‌ಲ್ಯಾಂಡ್ ರಾಜ್ಯವನ್ನು 1968ರಿಂದ 1987ರವರೆಗೆ ಆಳಿದ ಜೋ ಬ್ಯೆಲ್ಕಿ ಪೀಟರ್ಸನ್ ಕಿಂಗರಾಯ್ ಎಂಬ ಊರಿನ ಕಡಲೆಕಾಯಿ ಬೆಳೆಗಾರ, ಲೂಥರನ್ ಪಂಥದ ಭಕ್ತ. ಬೀದಿ ಮೆರವಣಿಗೆಗಳ ಕಾಲ ಮುಗಿಯಿತು ಎಂದು 1977ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದು ಇವರೇ. ಅದೇ ಅಕ್ಟೋಬರ್ 22ರಂದು ಒಂದೇ ದಿನ ನಾನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಈ ನಿಷೇಧವನ್ನು ವಿರೋಧಿಸಿದವರಲ್ಲಿ ವಿದ್ಯಾರ್ಥಿಗಳು, ಕಾರ್ಮಿಕ ಸಂಘಟನೆಗಳ ಜೊತೆಗೆ ಪಾದ್ರಿಗಳೂ ಸೇರಿದ 'ಕನ್ಸರ್ನ್‌ಡ್ ಕ್ರಿಶ್ಚಿಯನ್ಸ್' ಎಂಬ ಗುಂಪೂ ಇತ್ತು. ಅತ್ತ ಮುಖ್ಯಮಂತ್ರಿಯ ಕೈಯಲ್ಲಿ ಬೈಬಲ್, ಇತ್ತ ಪಾದ್ರಿಗಳ ಕೈಯಲ್ಲೂ ಬೈಬಲ್. ಇಂದು ಅದೇ ರಾಜ್ಯದಲ್ಲಿ 1992ರ ಶಾಂತಿಯುತ ಸಭೆ ಕಾಯ್ದೆ ಇದೆ. ಮುಂಚಿತವಾಗಿ ಸೂಚನೆ ಕೊಟ್ಟು, ನಿಯಮದಂತೆ ನಡೆಸುವ ಮೆರವಣಿಗೆಗೆ ಕಾನೂನಿನ ರಕ್ಷಣೆಯಿದೆ. ಟಿ.ವಿ.ಯಲ್ಲಿ ಫಲಕ ಹಿಡಿದು ನಿಂತವರನ್ನು ಕಂಡು ಗಾಬರಿಯಾಗುವವರಿಗೆ ಇದು ತಿಳಿದಿರಲಿ.

ಬ್ರಿಸ್ಬೇನ್‌ನ ಇನ್ನೊಂದು ಪ್ರಸಂಗ ಇತ್ತೀಚಿನದು, ನಮ್ಮ ಕಡೆಯವರಿಗೆ ಹತ್ತಿರದ್ದು. ದೋಣಿಯಲ್ಲಿ ಬಂದ ಆಶ್ರಯಾರ್ಥಿಗಳನ್ನು ನೌರು ದ್ವೀಪಕ್ಕೆ ಕಳಿಸುವುದನ್ನು ಆಸ್ಟ್ರೇಲಿಯಾದ ಹೈಕೋರ್ಟ್ 2016ರ ಫೆಬ್ರುವರಿ 3ರಂದು ಎತ್ತಿಹಿಡಿಯಿತು. (ಇಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದಂತೆ, ಅದರ ಮೇಲೆ ಬೇರೆ ಕೋರ್ಟ್ ಇಲ್ಲ.) ಚಿಕಿತ್ಸೆಗೆಂದು ಆಸ್ಟ್ರೇಲಿಯಾಕ್ಕೆ ಕರೆತಂದಿದ್ದವರು ಮತ್ತು ಅವರ ಕುಟುಂಬದವರು ಸೇರಿ 267 ಜನ ಮರಳಿ ಹೋಗಬೇಕಾದ ಸ್ಥಿತಿ. ಅವರಲ್ಲಿ ಇಲ್ಲಿಯೇ ಹುಟ್ಟಿದ 37 ಹಸುಗೂಸುಗಳಿದ್ದವು. ಮರುದಿನವೇ ಬ್ರಿಸ್ಬೇನ್‌ನ ಸೇಂಟ್ ಜಾನ್ಸ್ ಕ್ಯಾಥೆಡ್ರಲ್‌ನ ಡೀನ್ ಪೀಟರ್ ಕ್ಯಾಟ್ ತಮ್ಮ ಚರ್ಚನ್ನು ಅಭಯಸ್ಥಾನವೆಂದು ಘೋಷಿಸಿದರು. ದೇವಾಲಯದೊಳಗೆ ಶರಣು ಬಂದವರನ್ನು ಹಿಡಿಯಬಾರದೆಂಬುದು ಯೂರೋಪಿನ ಹಳೆಯ ಸಂಪ್ರದಾಯ, ಇಂದಿನ ಕಾನೂನಿನಲ್ಲಿ ಅದಕ್ಕೆ ಬೆಲೆ ಇದೆಯೋ ಇಲ್ಲವೋ ಯಾರೂ ಪರೀಕ್ಷಿಸಿರಲಿಲ್ಲ. ಗೊತ್ತಿದ್ದೂ ಹೇಳಿದರು. ಬೇರೆ ನಗರಗಳ ಚರ್ಚುಗಳೂ ಬಾಗಿಲು ತೆರೆಯುವುದಾಗಿ ಮುಂದೆ ಬಂದವು.

ಅದೇ ತಿಂಗಳು ಅದೇ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಬಿಸಿನೀರಿನಿಂದ ಸುಟ್ಟ ಗಾಯಗಳಾಗಿ ನೌರುವಿನಿಂದ ಬಂದಿದ್ದ ಒಂದು ವರ್ಷದ ಮಗುವಿತ್ತು. ತಂದೆ–ತಾಯಿ ನೇಪಾಳದವರು. ಪತ್ರಿಕೆಗಳು ಮಗುವನ್ನು ಆಶಾ ಎಂದು ಕರೆದವು. ಸುರಕ್ಷಿತ ಮನೆ ಸಿಗುವವರೆಗೆ ಮಗುವನ್ನು ಬಿಡುಗಡೆ ಮಾಡುವುದಿಲ್ಲ ಎಂದು ವೈದ್ಯರು ಪಟ್ಟು ಹಿಡಿದರು. ಹೊರಗೆ ಜನ ಹಗಲೂ ರಾತ್ರಿ ಕಾವಲು ಕುಳಿತರು. ಸುಮಾರು ಹತ್ತು ದಿನಗಳ ನಂತರ ಕುಟುಂಬವನ್ನು ದ್ವೀಪಕ್ಕೆ ಕಳಿಸದೆ ಬ್ರಿಸ್ಬೇನ್‌ನಲ್ಲಿಯೇ ಇರಿಸಲು ಸರ್ಕಾರ ಒಪ್ಪಿತು. ಕಡಲ ಗಡಿಯ ಬಗ್ಗೆ ಸರ್ಕಾರಕ್ಕೂ ಅದರದೇ ವಾದವಿದೆ: ದಾರಿ ಸಡಿಲ ಬಿಟ್ಟರೆ ದಲ್ಲಾಳಿಗಳು ಮತ್ತೆ ದೋಣಿ ತುಂಬಿಸುತ್ತಾರೆ, ಜನ ಸಮುದ್ರದಲ್ಲಿ ಸಾಯುತ್ತಾರೆ ಎಂದು. ನಮ್ಮವರಲ್ಲೇ ಅನೇಕರು ಇದನ್ನು ಒಪ್ಪುತ್ತಾರೆ. ಶುಲ್ಕ ಕಟ್ಟಿ, ಅಂಕ ಗಳಿಸಿ, ಸರದಿಯಲ್ಲಿ ನಿಂತು ಬಂದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಸುಟ್ಟ ಗಾಯದ ಕೂಸು ಯಾವ ಸರದಿಯನ್ನೂ ಮುರಿದಿರಲಿಲ್ಲ.

ಇನ್ನು ಪರ್ತ್. ಇಲ್ಲಿಯ ಕಥೆಯಲ್ಲಿ ನಮಗೆ ಮುಖ್ಯವೆನಿಸುವುದು ನಂಬಿಕೆ ತನ್ನ ಲೆಕ್ಕಪತ್ರವನ್ನು ತಾನೇ ತೆರೆದ ಸಂದರ್ಭ. ಆದಿವಾಸಿ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಕೊಟ್ಟ ದೀರ್ಘ ಕಾಲವೊಂದು ಈ ದೇಶದ ಚರಿತ್ರೆಯಲ್ಲಿದೆ. 1910ರಿಂದ 1970ರವರೆಗೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದು ಮಗು ಹೀಗೆ ದೂರವಾಯಿತು ಎಂದು 1997ರ ಮೇ 26ರಂದು ಸಂಸತ್ತಿನಲ್ಲಿ ಮಂಡನೆಯಾದ 'ಬ್ರಿಂಗಿಂಗ್ ದೆಮ್ ಹೋಮ್' ವರದಿ ಹೇಳಿತು. ಐನೂರಕ್ಕೂ ಹೆಚ್ಚು ಆದಿವಾಸಿಗಳ ಹೇಳಿಕೆ ಆ ವಿಚಾರಣೆಗೆ ಬಂದಿತ್ತು. ಅದರ ಅಧ್ಯಕ್ಷತೆ ವಹಿಸಿದ್ದವರು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸರ್ ರೊನಾಲ್ಡ್ ವಿಲ್ಸನ್. ಪಶ್ಚಿಮ ಆಸ್ಟ್ರೇಲಿಯಾದ ಜೆರಾಲ್ಡ್‌ಟನ್‌ನಲ್ಲಿ ಹುಟ್ಟಿದ ಅವರು ಯುನೈಟಿಂಗ್ ಚರ್ಚಿನ ರಾಷ್ಟ್ರೀಯ ಅಧ್ಯಕ್ಷರೂ ಆಗಿದ್ದವರು. ಅದಕ್ಕೂ ಹಿಂದೆ, 1965ರಲ್ಲಿ, ಅದೇ ರಾಜ್ಯದ ಪ್ರೆಸ್ಬಿಟೇರಿಯನ್ ಚರ್ಚಿನ ಮುಖ್ಯಸ್ಥರಾಗಿದ್ದರು. ಪರ್ತ್‌ನ ಕ್ವೀನ್ಸ್ ಪಾರ್ಕ್‌ನಲ್ಲಿ ಆದಿವಾಸಿ ಮಕ್ಕಳನ್ನು ಇಟ್ಟುಕೊಂಡಿದ್ದ 'ಸಿಸ್ಟರ್ ಕೇಟ್ಸ್' ಮಕ್ಕಳ ಮನೆ ಆಗ ಆ ಚರ್ಚಿನ ಕೈಯಲ್ಲಿತ್ತು. ವಿಚಾರಣೆಯ ಕಾಲದಲ್ಲಿ ಇದನ್ನು ಅವರು ಮುಚ್ಚಿಡಲಿಲ್ಲ, ಬಹಿರಂಗವಾಗಿ ಕ್ಷಮೆ ಕೇಳಿದರು. ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿದ ಭಕ್ತರಿಂದಲೇ ಆ ಕೆಲಸ ನಡೆದಿತ್ತು ಎಂಬುದು ಆ ವರದಿಯನ್ನು ಓದಿದವರ ನಿದ್ದೆ ಕೆಡಿಸುವ ಸಂಗತಿ.

ಆಗಿನ ಪ್ರಧಾನಿ ಕ್ಷಮೆ ಕೇಳಲು ಒಪ್ಪಲಿಲ್ಲ. ಜನ ಬಿಡಲಿಲ್ಲ. ಮರುವರ್ಷದಿಂದ ಮೇ 26ನ್ನು 'ಸಾರಿ ಡೇ' ಎಂದು ಆಚರಿಸತೊಡಗಿದರು, ಕ್ಷಮಾಪಣೆಯ ಪುಸ್ತಕಗಳನ್ನು ಇಟ್ಟು ಸಹಿ ಪಡೆದರು. ಕೊನೆಗೆ 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಎಲ್ಲ ಪ್ರಯತ್ನವೂ ಹೀಗೆ ಫಲಿಸುವುದಿಲ್ಲ. ಆದಿವಾಸಿಗಳಿಗೆ ಸಂಸತ್ತಿನ ಮುಂದೆ ದನಿ ಕೊಡುವ ಪ್ರಸ್ತಾವಕ್ಕೆ ಹಿಂದೂ ಕೌನ್ಸಿಲ್ ಆಫ್ ಆಸ್ಟ್ರೇಲಿಯಾ ಸೇರಿದಂತೆ ಹಲವು ಧರ್ಮಗಳ ಸಂಸ್ಥೆಗಳು 2022ರಲ್ಲಿ ಒಟ್ಟಾಗಿ ಬೆಂಬಲ ಕೊಟ್ಟಿದ್ದವು. 2023ರ ಅಕ್ಟೋಬರ್ 14ರ ಜನಮತದಲ್ಲಿ ಶೇ 60ರಷ್ಟು ಜನ ಬೇಡವೆಂದರು; ಒಂದು ರಾಜ್ಯವೂ ಒಪ್ಪಲಿಲ್ಲ.

ಪರ್ತ್‌ನ ಇನ್ನೊಂದು ನೆನಪು 2021ರ ಜೂನ್‌ನದು. ಕ್ವೀನ್ಸ್‌ಲ್ಯಾಂಡ್‌ನ ಬಿಲೋಯೆಲಾ ಎಂಬ ಸಣ್ಣ ಊರಿನಲ್ಲಿ ನೆಲೆಸಿದ್ದ ಶ್ರೀಲಂಕಾ ತಮಿಳು ಕುಟುಂಬವೊಂದನ್ನು 2018ರ ಮಾರ್ಚ್ 5ರ ಬೆಳಗಿನ ಜಾವ ಮನೆಯಿಂದ ಎಬ್ಬಿಸಿ ಒಯ್ದಿದ್ದರು. ಆಮೇಲೆ ಅವರನ್ನು ಕ್ರಿಸ್‌ಮಸ್ ದ್ವೀಪದಲ್ಲಿ ಇಡಲಾಯಿತು. ಅಲ್ಲಿ ಚಿಕ್ಕ ಮಗಳಿಗೆ ರಕ್ತಕ್ಕೆ ಸೋಂಕು ಹರಡಿ ಪರ್ತ್ ಮಕ್ಕಳ ಆಸ್ಪತ್ರೆಗೆ ವಿಮಾನದಲ್ಲಿ ತಂದರು. ಆಸ್ಪತ್ರೆಯ ಹೊರಗೆ ಜನ ಸೇರಿ ಕಾದರು. ಮಗುವಿನ ನಾಲ್ಕನೇ ಹುಟ್ಟುಹಬ್ಬವೂ ಆ ದಿನಗಳಲ್ಲಿಯೇ ಬಂತು. ಈ ಚಳವಳಿ ಯಾವ ಧರ್ಮದ್ದೂ ಅಲ್ಲ, ಪಕ್ಷದ್ದೂ ಅಲ್ಲ. ತಮ್ಮ ನೆರೆಯವರನ್ನು ವಾಪಸ್ ಕೊಡಿ ಎಂದು ಒಂದು ಹಳ್ಳಿಗಾಡಿನ ಊರು ಹಿಡಿದ ಹಟ. 2022ರ ಜೂನ್‌ನಲ್ಲಿ ಕುಟುಂಬ ಊರಿಗೆ ಮರಳಿತು, ಆಗಸ್ಟ್‌ನಲ್ಲಿ ಕಾಯಂ ವೀಸಾ ಸಿಕ್ಕಿತು.

ಇಷ್ಟೆಲ್ಲ ನಡೆಯುವಾಗ ನಮ್ಮ ಕನ್ನಡ ಸಂಘಗಳು, ದೇವಸ್ಥಾನ ಸಮಿತಿಗಳು ಎಲ್ಲಿದ್ದವು? ರಾಜ್ಯೋತ್ಸವಕ್ಕೆ, ಯುಗಾದಿಗೆ, ಮಕ್ಕಳ ಕನ್ನಡ ತರಗತಿಗೆ ನಾವು ಬಾಡಿಗೆಗೆ ಪಡೆಯುವ ಹಾಲ್‌ಗಳಲ್ಲಿ ಎಷ್ಟೋ ಚರ್ಚುಗಳವೇ. ಅದೇ ಹಾಲ್‌ನ ಸೂಚನಾ ಫಲಕದಲ್ಲಿ ಆಶ್ರಯಾರ್ಥಿಗಳ ಸಭೆಯ ಚೀಟಿ ಅಂಟಿಸಿರುತ್ತದೆ. ಅದರ ಪಕ್ಕದಲ್ಲೇ ನಾವು ಬಿಸಿಬೇಳೆಬಾತ್‌ನ ಪಾತ್ರೆ ಸಾಗಿಸುತ್ತೇವೆ. ವಿಷಯ ಎತ್ತಿದರೆ ಸಮಿತಿಯಲ್ಲಿ ಸಿದ್ಧ ಉತ್ತರವಿದೆ: "ನಮ್ಮದು ರಾಜಕೀಯೇತರ ಸಂಘ, ಬೈಲಾದಲ್ಲೇ ಬರೆದಿದೆ."

ಸಂಘಗಳ ಲೆಕ್ಕಪತ್ರ ನೋಡಿಕೊಡುವಾಗ ನಾವು ಈ ಮಾತಿಗೆ ಅಲ್ಲಿಯೇ ಉತ್ತರ ಹೇಳುತ್ತೇವೆ. 2013ರ ಚಾರಿಟೀಸ್ ಕಾಯ್ದೆ ತಡೆಯುವುದು ಪಕ್ಷವನ್ನೋ ಅಭ್ಯರ್ಥಿಯನ್ನೋ ಬೆಂಬಲಿಸುವ, ವಿರೋಧಿಸುವ ಉದ್ದೇಶವನ್ನು. ಸಂಸ್ಥೆಯ ಉದ್ದೇಶಕ್ಕೆ ಸಂಬಂಧಿಸಿದ ಕಾನೂನು ಬದಲಾಗಲಿ ಎಂದು ಕೇಳುವುದನ್ನು ಅದು ತಡೆಯುವುದಿಲ್ಲ. 2010ರಲ್ಲಿ ಏಡ್‌ವಾಚ್ ಎಂಬ ಸಂಸ್ಥೆಯ ಪ್ರಕರಣದಲ್ಲಿ ಹೈಕೋರ್ಟ್, ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಚರ್ಚಿಸಿದ ಮಾತ್ರಕ್ಕೆ ಸಂಸ್ಥೆ ತನ್ನ ಧರ್ಮಾರ್ಥ ಸ್ಥಾನ ಕಳೆದುಕೊಳ್ಳುವುದಿಲ್ಲ ಎಂದು ತೀರ್ಪು ಕೊಟ್ಟಿತ್ತು. ಚಾರಿಟಿ ಎಂದು ನೋಂದಾಯಿಸದ ಸಂಘಗಳು ತಮ್ಮ ಬೈಲಾದ ಅಕ್ಷರವನ್ನು ಓದಿಕೊಳ್ಳಬೇಕು. ಪಕ್ಷಾತೀತ ಎಂದಿದ್ದರೆ ಅದರರ್ಥ ಬಾಯಿ ಕಟ್ಟಿಕೊಳ್ಳಿ ಎಂದಲ್ಲ. ಇಷ್ಟು ಹೇಳಿದ ಮೇಲೆ ಸಮಿತಿಯವರು ಸಾಮಾನ್ಯವಾಗಿ ಊಟದ ಮೆನುವಿಗೆ ಹೋಗುತ್ತಾರೆ, ಅದು ಬೇರೆ ಮಾತು.

ಇನ್ನು ನಿಮ್ಮ ಆತಂಕಕ್ಕೆ ಬರೋಣ. ತಾತ್ಕಾಲಿಕ ವೀಸಾದಲ್ಲಿರುವ ಹುಡುಗ–ಹುಡುಗಿಯರು ಮನವಿಗೆ ಸಹಿ ಹಾಕಬಹುದು, ತಮ್ಮ ಕ್ಷೇತ್ರದ ಸಂಸದರನ್ನು ಕಾಣಬಹುದು, ಅನುಮತಿ ಇರುವ ಮೆರವಣಿಗೆಯಲ್ಲಿ ನಡೆಯಬಹುದು. ಕಚೇರಿಯೊಳಗೆ ಕುಳಿತು ಎದ್ದೇಳದೆ ಬಂಧನಕ್ಕೊಳಗಾಗುವುದು ಬೇರೆ ಸಂಗತಿ. ಬಂಧಿತ ಮಕ್ಕಳ ಬಿಡುಗಡೆಗಾಗಿ 2014ರಲ್ಲಿ 'ಲವ್ ಮೇಕ್ಸ್ ಎ ವೇ' ಚಳವಳಿಯ ಪಾದ್ರಿಗಳು, ಸನ್ಯಾಸಿನಿಯರು ಸಚಿವರ ಕಚೇರಿಗಳಲ್ಲಿ ಪ್ರಾರ್ಥಿಸುತ್ತ ಕುಳಿತು ಬಂಧನಕ್ಕೊಳಗಾದರು. ಪರ್ತ್‌ನಲ್ಲಿ ಜೂಲಿ ಬಿಷಪ್ ಅವರ ಕಚೇರಿಯಲ್ಲೂ ಇದು ನಡೆಯಿತು. ಅವರು ಈ ದೇಶದ ನಾಗರಿಕರು. ವೀಸಾದಲ್ಲಿರುವವರಿಗೆ ಪೊಲೀಸ್ ಪ್ರಕರಣ, ಶಿಕ್ಷೆ ಮುಂದೆ ತೊಡಕಾಗಬಹುದು. ಆದ್ದರಿಂದ ಅವರಿಗೆ ನಾವು ಹೇಳುವುದು ಸಹಿ ಹಾಳೆಯ ದಾರಿಯನ್ನೇ.

ಆ ದಾರಿ ಸರಳ. ಸಂಸತ್ತಿನ ಕೆಳಮನೆಯ ಇ–ಮನವಿ ನಾಲ್ಕು ವಾರ ಸಹಿಗೆ ತೆರೆದಿರುತ್ತದೆ. ಮಂಡನೆಯಾದ ಮೇಲೆ ಸಚಿವರು 90 ದಿನಗಳೊಳಗೆ ಉತ್ತರಿಸಬೇಕೆಂಬ ನಿರೀಕ್ಷೆಯಿದೆ. ಸಹಿ ಹಾಕುವವರು ಆಸ್ಟ್ರೇಲಿಯಾದ ನಾಗರಿಕರೋ ನಿವಾಸಿಗಳೋ ಆಗಿರಬೇಕು, ಹಾಗಾಗಿ ಊರಿನಲ್ಲಿರುವ ಅಪ್ಪ–ಅಮ್ಮನ ಸಹಿ ಅದರಲ್ಲಿ ನಡೆಯುವುದಿಲ್ಲ. ಆದರೆ ಪೋಷಕರ ವೀಸಾದ ಸರದಿಯ ಬಗ್ಗೆ ಮಕ್ಕಳು ತಮ್ಮ ಸಂಸದರಿಗೆ ಬರೆಯುವ ಅರ್ಜಿಯ ಜೊತೆ ನಿಮ್ಮದೊಂದು ಪತ್ರ ಲಗತ್ತಿಸಬಹುದು. ಎಷ್ಟು ವರ್ಷದಿಂದ ಕಾಯುತ್ತಿದ್ದೀರಿ, ಮೊಮ್ಮಗುವನ್ನು ಕೊನೆಯ ಸಲ ಯಾವಾಗ ಎತ್ತಿಕೊಂಡಿರಿ, ಅಷ್ಟು ಬರೆದರೆ ಸಾಕು. ಕನ್ನಡದಲ್ಲಿಯೇ ಬರೆಯಿರಿ, ಅನುವಾದ ನಾವು ಮಾಡಿಸಿಕೊಳ್ಳುತ್ತೇವೆ.